ಗಂಟೆ ಬಾರಿಸಿದರೂ ಕದಲದ ಸ್ಟೂಲು

ನಾನು ಒಂದು ಸ್ಟೂಲು. ಮೂರು ಕಾಲಿನ, ಬೆನ್ನಿಲ್ಲದ ಸಾಗವಾನಿ ಸ್ಟೂಲು. ಬೆನ್ನಿಲ್ಲವೆಂದು ಯಾರೂ ಕನಿಕರಪಡಬೇಕಾಗಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಒಡೆದು ಹಾಕಿದ ಫಸ್ಟ್ ಕ್ಲಾಸ್ ಡಬ್ಬಿಯ ಹಲಗೆಯಿಂದ ಕಾಳಪ್ಪ ಬಡಿಗೇರರು ನನ್ನನ್ನು ಮಾಡಿದರು. ಅಂದರೆ ನನ್ನದು ಮೊದಲಿನಿಂದಲೂ ದೊಡ್ಡವರು ಕೂತ ಮೈ. ಬೇರೆ ಸ್ಟೂಲುಗಳ ಹಾಗೆ ಹಪ್ಪಳದ ಡಬ್ಬಿ ಹೊರಲು ಹುಟ್ಟಿದವನಲ್ಲ ನಾನು. ಬಾಕ್ಸಿಂಗ್ ರಿಂಗಿನ ಮೂಲೆಗೆಂದು ಹುಟ್ಟಿದವನು.

ಆಗ ಊರೂರಿಗೆ ಡೇರೆ ಹಾಕಿ, ಟಿಕೆಟ್ ಇಟ್ಟು ಬಾಕ್ಸಿಂಗ್ ಆಡಿಸುತ್ತಿದ್ದರು. ಗುದ್ದಾಡುವುದೇ ಹೊಟ್ಟೆಪಾಡಾದ ಆಳುಗಳು ಪ್ರತಿ ರೌಂಡು ಮುಗಿದಾಗ ಒಂದು ನಿಮಿಷ ನನ್ನ ಮೇಲೆ ಕೂರುವರು. ಬೆವರು, ರಕ್ತ, ಬಾಯಿ ಮುಕ್ಕಳಿಸಿದ ನೀರು ಎಲ್ಲ ನನ್ನ ಮೇಲೆಯೇ. ಮತ್ತೆ ಗಂಟೆ ಹೊಡೆಯಿತೆಂದರೆ, ಮೂಲೆಯಲ್ಲಿ ನಿಂತು ಉಪಚಾರ ಮಾಡುವ ಜೊತೆಗಾರ ನನ್ನನ್ನು ಹೊರಗೆ ಎಳೆದುಕೊಳ್ಳಬೇಕು. ಎಳೆಯದೆ ಬಿಟ್ಟರೆ ಆಟ ಬಿಟ್ಟುಕೊಟ್ಟಂತೆ. ಆ ಮಂದಿಯಲ್ಲಿ ನೆಲಕ್ಕೆ ಬಿದ್ದು ಸೋತವನಿಗೂ ಮರ್ಯಾದೆ ಇತ್ತು, ಸ್ಟೂಲಿನ ಮೇಲೆ ಕೂತು ಸೋತವನಿಗೆ ಇರಲಿಲ್ಲ.

ನನ್ನ ಯಜಮಾನ ರೈಲ್ವೆ ಕಾಲೊನಿಯ ತಿಮೋತಿ. ಅವನ ಮೂಲೆ ನೋಡಿಕೊಳ್ಳುತ್ತಿದ್ದವನು ಅದೇ ಓಣಿಯಲ್ಲಿ ಕೂಡಿ ಬೆಳೆದ ಗೆಳೆಯ ಹಜರೇಸಾಬ. ಒಮ್ಮೆ ಬೆಳಗಾವಿಯಲ್ಲಿ ತಿಮೋತಿಗೆ ಎತ್ತಿನಂಥ ಆಳು ಎದುರಾದ. ತಲೆಗೆ ಏಟು ತಿಂದು ತಿಂದು ನನ್ನ ಮೇಲೆ ಕುಸಿದ ತಿಮೋತಿ, ನೀರು ಕುಡಿಸುತ್ತಿದ್ದ ಹಜರೇಸಾಬನ ಮುಖ ನೋಡಿ ಕೇಳಿದ.

“ನೀ ಯಾರು?”

ಗಂಟೆ ಹೊಡೆಯಿತು. ತಿಮೋತಿ ರೂಢಿಯಂತೆ ಏಳಹೋದ. ಹಜರೇಸಾಬ ನನ್ನನ್ನು ಎಳೆಯಲಿಲ್ಲ. ಎರಡೂ ಕೈಯಿಂದ ಗೆಳೆಯನ ಹೆಗಲು ಅದುಮಿ ಹಿಡಿದು, “ಏಳಬ್ಯಾಡ, ಕುಂದ್ರು” ಎಂದ. ಜನ ಸಿಳ್ಳೆ ಹೊಡೆದರು, ಕಲ್ಲು ತೂರಿದರು. ಒಂದು ಕಲ್ಲು ನನಗೂ ತಗಲಿತು. ಆ ಗುರುತನ್ನು ನಾನು ಪದಕವೆಂದೇ ತಿಳಿದಿದ್ದೇನೆ.

ತಿಮೋತಿ ಅಂದಿನಿಂದ ಗೆಳೆಯನ ಜೊತೆ ಮಾತು ಬಿಟ್ಟ. ಬಾಕ್ಸಿಂಗ್ ತಾನಾಗಿಯೇ ಬಿಟ್ಟುಹೋಯಿತು. ಸ್ಟೂಲಿನ ಮೇಲೆ ಸೋತವನನ್ನು ಯಾರೂ ಕರೆಯಲಿಲ್ಲ. ನನ್ನನ್ನು ಒಡೆದು ನೀರೊಲೆಗೆ ಹಾಕುತ್ತೇನೆಂದು ಮನೆಗೆ ತಂದ. ಹೆಂಡತಿ ಸಲೋಮಿ ಅವನ ಕೈಯಿಂದ ಕೊಡಲಿ ಕಸಿದುಕೊಂಡು ನನ್ನನ್ನು ಅಡಿಗೆಮನೆಗೆ ಒಯ್ದಳು. ಹೌದು, ಹಪ್ಪಳದ ಡಬ್ಬಿ ಹೊತ್ತೆ. ಆ ವಿಷಯ ಅಷ್ಟಕ್ಕೇ ಬಿಡೋಣ.

ತಿಮೋತಿ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿ, ಮಕ್ಕಳ ಮದುವೆ ಮಾಡಿ, ರಿಟೈರೂ ಆದ. ಅಷ್ಟರಲ್ಲಿ ಅವನ ಕಾಲದ ಬಾಕ್ಸರುಗಳು ಒಬ್ಬೊಬ್ಬರಾಗಿ ಹೋದರು. ಕೊನೆಯ ಗಂಟೆಯವರೆಗೂ ನಿಂತು ಏಟು ತಿಂದ ಶೂರರು ಅವರು. ಒಬ್ಬ ಐವತ್ತು ದಾಟಲಿಲ್ಲ. ಇನ್ನೊಬ್ಬನಿಗೆ ಚಹಾದ ಬಸಿ ಹಿಡಿಯಲಾಗದಷ್ಟು ಕೈನಡುಕ. ಮತ್ತೊಬ್ಬ ತನ್ನ ಮನೆಯ ದಾರಿಯನ್ನೇ ಮರೆತ. ಸತ್ತವರ ಮಣ್ಣಿಗೆ ಹೋಗಿ ಬಂದಾಗಲೆಲ್ಲ ತಿಮೋತಿ ನನ್ನ ಮೇಲೆ ಸುಮ್ಮನೆ ಕೂರುತ್ತಿದ್ದ. ಅವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಆದರೆ ಆಸಾಮಿ ಬಾಯಿ ಬಿಡಲೊಲ್ಲ.

ಅವನಿಗೆ ಎಂಬತ್ತು ದಾಟಿದ ಮೇಲೆ, ಹಳೆಯ ಬಾಕ್ಸರುಗಳ ಆಯುಷ್ಯದ ಬಗ್ಗೆ ತಿಳಿಯಲು ಒಬ್ಬ ಡಾಕ್ಟರಮ್ಮ ಮನೆಗೆ ಬಂದರು. ತಿಮೋತಿ ನನ್ನ ಮೇಲೆಯೇ ಕೂತು, ಎದೆಯುಬ್ಬಿಸಿ ತನ್ನ ಗುಟ್ಟು ಹೇಳಿದ: ಜೋಳದ ರೊಟ್ಟಿ, ತಣ್ಣೀರಿನ ಸ್ನಾನ, ತಪ್ಪದ ಪ್ರಾರ್ಥನೆ. ನನ್ನ ಹೆಸರೇ ಇಲ್ಲ. ಸಿಟ್ಟಿಗೆ ನಾನು ಕಿರ್ರೆಂದೆ. ಚಹಾ ತಂದ ಸಲೋಮಿ ಅಲ್ಲೇ ನಿಂತಳು.

“ರೊಟ್ಟಿ ಆ ಸತ್ತವರೂ ತಿಂದಿದ್ರು. ಹಜರೇಸಾಬಣ್ಣ ಆವತ್ತ ಈ ಸ್ಟೂಲ್ ಎಳೀಲಿಲ್ಲ, ಅದಕ್ಕ ನೀವು ಉಳದೀರಿ. ಈಗ ಅಣ್ಣನ ಮೊಣಕಾಲು ಹೋಗ್ಯಾವಂತ, ನಮಾಜಕ್ಕ ಬಗ್ಗಾಕ ಆಗವಲ್ದಂತ. ಈ ಮಾತು ಅವನ ಮಣ್ಣಿಗೆ ಹೋಗಿ ಹೇಳ್ತೀರೇನು?”

ತಿಮೋತಿ ಚಹಾ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಬಗಲಲ್ಲಿ ಹಿಡಿದುಕೊಂಡು ನಡೆದೇ ಹೊರಟ. ಆಟೋದವರು ಕರೆದರೂ ಹತ್ತಲಿಲ್ಲ. ಆ ದಿನದ ಅವನ ನಡಿಗೆ ಕಂಡು ನನಗೆ ಬಹಳ ಹೆಮ್ಮೆಯಾಯಿತು.

ಹಜರೇಸಾಬ ತನ್ನ ಮನೆಯಲ್ಲಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ. ಕಣ್ಣು ಮಂಜಾಗಿತ್ತು. ಬಾಗಿಲ ಕಡೆ ನೋಡಿ, ಯಾರು ಎಂದು ಕೇಳಿದ.

“ತಿಮೋತಿ. ನೀ ಉಳಿಸಿದಾಂವ.”

ತಿಮೋತಿ ಗೆಳೆಯನ ತೋಳು ಹಿಡಿದು ಎತ್ತಿ ನನ್ನ ಮೇಲೆ ಕೂರಿಸಿದ. ಇನ್ನು ಇದರ ಮೇಲೆ ಕೂತೇ ನಮಾಜು ಮಾಡು ಎಂದ. ಹಜರೇಸಾಬ ಕೈಯಿಂದ ನನ್ನ ಅಂಚು ಸವರಿದ. ಕಲ್ಲೇಟಿನ ಗುರುತು ಬೆರಳಿಗೆ ಸಿಕ್ಕಿತು. ಗೆಳೆಯನನ್ನು ತಬ್ಬಿಕೊಳ್ಳಲು ಏಳಹೋದ. ತಿಮೋತಿ ಎರಡೂ ಕೈಯಿಂದ ಅವನ ಹೆಗಲು ಅದುಮಿ ಹಿಡಿದ.

“ಏಳಬ್ಯಾಡ, ಕುಂದ್ರು.”

ಈಗ ನಾನು ಹಜರೇಸಾಬನ ಮನೆಯ ಮೂಲೆಯಲ್ಲಿದ್ದೇನೆ. ಒಂದು ನಿಮಿಷವಾಯಿತೆಂದು ನನ್ನನ್ನು ಎಳೆಯುವವರು ಇಲ್ಲಿ ಯಾರೂ ಇಲ್ಲ. ಡೇರೆಯಲ್ಲಿ ಗೆದ್ದವರ ಹೆಸರು ಊರಿಗೆ ಮರೆತುಹೋಗಿದೆ. ನನ್ನ ಮೇಲೆ ಕೂತು ಸೋತವನು ಮಾತ್ರ ದಿನಾ ಬೆಳಿಗ್ಗೆ ನಡೆದು ಬರುತ್ತಾನೆ, ಬಾಗಿಲಲ್ಲೇ ಗೆಳೆಯನ ಹೆಸರು ಹಿಡಿದು ಕರೆಯುತ್ತಾನೆ.