ನಾಲ್ಕು ಬೆರಳು ಆಚೆಗೆ

ಎಂಟು ಡಿಗ್ರಿ ತಿರುಗಿದ್ದಿರಬಹುದೇ? ಅಥವಾ ಹತ್ತು? ಪಕ್ಕದಲ್ಲಿ ನಿಂತು ನೋಡಿದ ಕಣ್ಣನ್ನು ಎಷ್ಟು ನಂಬಬೇಕು? ಬನಹಟ್ಟಿಯ ಓಣಿಯಲ್ಲಿ ಬೈಕ್ ನಿಲ್ಲಿಸಿದ ಮೇಲೂ ಮಲ್ಲಿನಾಥನ ತಲೆಯಲ್ಲಿ ಇದೇ ಇತ್ತು. ಮೂರು ತಿಂಗಳಿಂದ ಇದೇ.

ಮೆಕ್ಯಾನಿಕಲ್ ಓದಿ, ಕೃತಕ ಮೊಣಕಾಲು ಮಾರುವ ಕಂಪನಿಗೆ ಸೇರಿದವನು ಅವನು. ಆಪರೇಷನ್ ಥಿಯೇಟರಿನಲ್ಲಿ ನಿಂತು, ಡಾಕ್ಟರು ಕೇಳಿದ ಅಳತೆಯ ಪೆಟ್ಟಿಗೆ ತೆಗೆದು ಕೊಡುವುದು ಕೆಲಸ. ಜಮಖಂಡಿಯಲ್ಲಿ ನೇಕಾರ ಚನಮಲ್ಲಪ್ಪನ ಬಲಗಾಲಿಗೆ ಹಾಕಿದ ದಿನವೂ ನಿಂತಿದ್ದ. ತೊಡೆಮೂಳೆಯ ತುದಿಗೆ ಲೋಹದ ಟೊಪ್ಪಿಗೆ, ಕೆಳಗಿನ ಮೂಳೆಯ ಮೇಲೆ ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್. ಎಕ್ಸ್-ರೇಯಲ್ಲಿ ಕಾಲು ಗೆರೆ ಎಳೆದಷ್ಟು ನೆಟ್ಟಗೆ ಬಂತು. ಎದುರಿನಿಂದ ತೆಗೆದ ಎಕ್ಸ್-ರೇ ತಟ್ಟೆಯ ತಿರುವನ್ನು ತೋರಿಸುವುದಿಲ್ಲ. ತಟ್ಟೆ ಒಳಕ್ಕೆ ತಿರುಗಿ ಕೂತರೆ ಪಾದ ಹೊರಕ್ಕೆ ಹೊರಳುತ್ತದೆ, ಮೊಣಕಾಲ ಚಿಪ್ಪು ದಾರಿ ತಪ್ಪಿ ಉಜ್ಜುತ್ತದೆ.

ಇವತ್ತು ಕಂಪನಿಗೆ ಒಂದು ವಿಡಿಯೋ ಬೇಕಿತ್ತು: ಹೊಸ ಮೊಣಕಾಲಿನಿಂದ ಮಗ್ಗ ತುಳಿಯುವ ನೇಕಾರ.

"ಬರ್ರಿ ಸಾಹೇಬ್ರ," ಎಂದ ಚನಮಲ್ಲಪ್ಪ, ಕಾಲು ಇಳಿಬಿಡಲು ಮಗ್ಗದ ಕೆಳಗೆ ತೋಡಿದ ಕುಣಿಯ ಅಂಚಿನಲ್ಲಿ ಕೂತು. ಬಲಪಾದ ಹೊರಕ್ಕೆ ಹೊರಳಿ ಪಕ್ಕದ ಗೋಡೆಯ ಕಡೆ ಮುಖ ಮಾಡಿತ್ತು.

"ಹೆಂಗೈತ್ರಿ ಕಾಕಾ?"

"ಕಾಲ ಸೊಟ್ಟ ಇತ್ತು, ನೆಟ್ಟಗಾತು. ಪಾದ ಒಂದ ಮಾತ ಕೇಳವಲ್ದು."

"ಇವರು ಹೊಂಟಿದ್ದು ಬಜಾರಕ್ಕ, ಕಾಲ ಹೊಂಟಿದ್ದು ಬೀಗರ ಮನಿಗಿ," ಎಂದಳು ಹೆಂಡತಿ ಗುರುಬಾಯಿ, ನೂಲು ಸುತ್ತುತ್ತಲೇ.

"ನೀ ಸುಮ್ನ ಕೂಡ ಬೇ. ಡಾಕ್ಟರ ಹೇಳ್ಯಾರ, ನಾ ವ್ಯಾಯಾಮ ಬರೋಬರಿ ಮಾಡಿಲ್ಲಂತ. ತಪ್ಪು ನಂದ."

ಅವನು ಕಾಲು ಇಳಿಬಿಟ್ಟ. ಮಲ್ಲಿನಾಥ ಫೋನ್ ಹಿಡಿದು ಕುಣಿಯೊಳಗೆ ಬಗ್ಗಿದ. ಬಲಗಡೆಯ ಮಣ್ಣನ್ನು ಹೊಸದಾಗಿ ಕೆತ್ತಿದ್ದರು. ತುಳಿಯುವ ಮರದ ಪಟ್ಟಿಯನ್ನು ಬಿಚ್ಚಿ ಆಚೆಗೆ ಕಟ್ಟಿದ್ದರು. ಎಡದ ಪಟ್ಟಿ ಹಳೆಯ ಜಾಗದಲ್ಲೇ ಇತ್ತು.

"ಇದೇನ್ರಿ?"

"ನಾಕ ಬೆರಳ ಸರಿಸೇನಿ. ಕಾಲ ಬರೂದಿಲ್ಲಂದ್ರ ಮಗ್ಗ ಬರಬೇಕಲ್ರಿ." ಚನಮಲ್ಲಪ್ಪ ನಕ್ಕ. "ನಮ್ಮಪ್ಪ ಕುಣಿ ತೋಡಿದಾಗಿಂದ ಯಾರೂ ಮುಟ್ಟಿರಲಿಲ್ಲ."

ಅವನು ತುಳಿದ. ಪಟ್ಟಿ ಇಳಿಯಿತು, ಲಾಳಿ ಓಡಿತು. ಪ್ರತಿ ಸಲ ತುಳಿದಾಗಲೂ ಅವನ ಕೆಳತುಟಿ ಹಲ್ಲಿನಡಿ ಸೇರುತ್ತಿತ್ತು. ಇಪ್ಪತ್ತು ಸಲವೂ ಆಗಲಿಲ್ಲ, ಚಿಪ್ಪಿನ ಮೇಲೆ ಕೈಯಿಟ್ಟು ನಿಲ್ಲಿಸಿಬಿಟ್ಟ.

ಮಲ್ಲಿನಾಥನಿಗೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಆಪರೇಷನ್ನಿನ ದಿನ, ತಟ್ಟೆಯನ್ನು ಮೂಳೆಗೆ ಅಂಟಿಸುವ ಸಿಮೆಂಟ್ ಗಟ್ಟಿಯಾಗಲು ಹತ್ತು ನಿಮಿಷ ಹಿಡಿದಿತ್ತು. ಮೊದಲ ಎರಡು ನಿಮಿಷದಲ್ಲಿ ತಟ್ಟೆಯನ್ನು ತಿರುಗಿಸಬಹುದಿತ್ತು. ಅದಕ್ಕೂ ಹಿಂದೆ, ಬೇರೊಂದು ಆಪರೇಷನ್ನಿನಲ್ಲಿ ಅವನು ಬಾಯಿ ತೆರೆದಾಗ ಇದೇ ಡಾಕ್ಟರು, "ನೀ ಪೆಟ್ಟಿಗಿ ಕೊಡಾಂವ, ಪೆಟ್ಟಿಗಿ ಕೊಡು," ಎಂದಿದ್ದರು. ನರ್ಸುಗಳು ನಕ್ಕಿದ್ದರು. ಮೂಳೆಯ ಮೇಲಿನ ಉಬ್ಬಿಗೂ ತಟ್ಟೆಯ ನಡುಗೆರೆಗೂ ಕೋನವೆಷ್ಟಿರಬೇಕೆಂದು ಅವನು ಬಾಯಿಪಾಠ ಹೇಳಬಲ್ಲ. ಏನು ಉಪಯೋಗ?

"ಸಾಹೇಬ್ರ, ಗುರುವಾರ ಎಡಗಾಲಿನ ಆಪರೇಷನ್ನಿಗಿ ಬರ್ರಿ ಅಂದಾರ," ಎಂದ ಚನಮಲ್ಲಪ್ಪ. "ಮಾಡಿಸ್ಲೇನು? ಎಡಗಡಿ ಪಟ್ಟಿನೂ ಸರಿಸಿ ಇಟ್ಟಬಿಡ್ತೀನಿ, ಮೊದಲ."

ಗುರುಬಾಯಿ ರಾಟೆ ನಿಲ್ಲಿಸಿ ಮಲ್ಲಿನಾಥನ ಮುಖ ನೋಡಿದಳು.

"ಗುರುವಾರ ಬ್ಯಾಡ್ರಿ ಕಾಕಾ," ಎಂದ ಮಲ್ಲಿನಾಥ.

"ಯಾಕ್ರಿ?"

"ಮೊದಲ ಬಲಗಾಲು ಸ್ಕ್ಯಾನ್ ಮಾಡಿಸ್ರಿ. ಸಿಟಿ ಸ್ಕ್ಯಾನ್. ವಿಜಯಪುರದಾಗ, ಬ್ಯಾರೆ ಡಾಕ್ಟರ ಕಡಿ."

"ಏನರ ಕೆಟ್ಟೈತೇನು?" ಗುರುಬಾಯಿ ಕೇಳಿದಳು.

"ನೋಡಿಸ್ಕೋರಿ ಅಷ್ಟ."

"ಈ ಡಾಕ್ಟರು ಸಿಟ್ಟಾಗಂಗಿಲ್ಲೇನ್ರಿ? ನಂದ ತಪ್ಪಿಗಿ ಮಂದಿ ಕಡಿ ಹೋಗೂದು ಛಲೋ ಕಾಣಂಗಿಲ್ಲ."

"ನಿಮ್ಮ ತಪ್ಪಿಲ್ಲ ಕಾಕಾ."

"ಮತ್ತ ಯಾರದು?"

ಮಲ್ಲಿನಾಥ ಫೋನಿನಲ್ಲಿದ್ದ ವಿಡಿಯೋ ಅಳಿಸಿದ. ಒಂದು ಚೀಟಿಯ ಮೇಲೆ ವಿಜಯಪುರದ ಡಾಕ್ಟರ ಹೆಸರು ಬರೆದು ಗುರುಬಾಯಿಯ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡ. ತಟ್ಟೆ ತಿರುಗಿ ಕೂತದ್ದನ್ನು, ಸಿಮೆಂಟ್ ಇನ್ನೂ ಹಸಿಯಿದ್ದಾಗಲೇ ತಾನು ಕಂಡಿದ್ದೆನೆಂದು ಅವನು ಅವರಿಗೆ ಹೇಳಲಿಲ್ಲ.