ತಗಡಿನ ಮೇಲಿನ ಗುಂಡುಕಲ್ಲು

ಆಸ್ಪತ್ರೆಯಲ್ಲಿ ಎದುರು ಬೆಂಚಿನ ಮುದುಕ ಬನ್ನನ್ನು ಟೀಗೆ ಅದ್ದಿ ಅದ್ದಿ ತಿನ್ನುತ್ತಿದ್ದಾನೆ, ಹೇಗೆ ಇಳಿಯುತ್ತದೋ ಅವನಿಗೆ, ದೊಡ್ಡಬಸಮ್ಮನಿಗೆ ಯುಗಾದಿಯ ಒಬ್ಬಟ್ಟು ಕೂಡ ಬಾಯಲ್ಲಿ ಮಣ್ಣು ಮಣ್ಣು — ಬೆಳಗ್ಗೆ ಆಸ್ಪತ್ರೆಗೆಂದು ಹೊರಟಾಗ ಹಿತ್ತಲ ಬಾವಿಯ ಬಾಯಿಗೆ ತಗಡು ಮುಚ್ಚಿತ್ತು, ತಗಡಿನ ಮೇಲೆ ರುಬ್ಬುವ ಗುಂಡುಕಲ್ಲು, ಯಾರವ್ವ ಇಟ್ಟೋರು ಎಂದರೆ ಸೊಸೆ ಪದ್ಮಿನಿ ಮುಖ ತಿರುಗಿಸಿಕೊಂಡು, ಬೆಕ್ಕು ಬೀಳ್ತದೆ ಅತ್ತೆ, ನಡೀರಿ, ಬಸ್ಸು ಓಯ್ತದೆ, ಮನೆಯಲ್ಲಿ ಬೆಕ್ಕೇ ಇಲ್ಲವಲ್ಲ, ಹನೂರಿನಲ್ಲಿ ಬಸ್ಸು ಹತ್ತಿ ಕಾಮಗೆರೆಯಲ್ಲಿ ಇಳಿಯುವವರೆಗೂ ಅದೇ ಯೋಚನೆ, ಯಾವ ಬೆಕ್ಕು — ಮೊದಲು ದೊಡ್ಡಬಸಮ್ಮ ಒಂದು ಹೊತ್ತಿನ ಊಟ ಬಿಟ್ಟಳು, ಆಮೇಲೆ ಎರಡು ಹೊತ್ತು, ಆಮೇಲೆ ಮಾತು, ಊರು ಅದನ್ನು ಬೆಟ್ಟದ ಮಾದಪ್ಪನ ಒಪ್ಪತ್ತಿನ ವ್ರತ ಅಂದುಕೊಂಡಿತು, ಅಲ್ಲ ಅನ್ನಲು ನಾಲಿಗೆ ಏಳಲಿಲ್ಲ, ಪಕ್ಕದ ಮನೆಯ ಪುಷ್ಪ ಕಾಲಿಗೆ ಬಿದ್ದು, ನಿಮ್ಗೆ ಮಾದಪ್ಪ ಒಲ್ದವ್ನೆ ಕಣವ್ವ, ಮಗ ಕುಮಾರಸ್ವಾಮಿಗೆ ಹೆಮ್ಮೆಯೋ ಹೆಮ್ಮೆ, ನಮ್ಮವ್ವ ಶರಣೆ ಆಗ್ಬುಟ್ಲು — ಥೂ, ಎಂಥ ಶರಣೆ, ಮಾದಪ್ಪನ ಮುಖವೇ ನೆನಪಿಗೆ ಬರುವುದಿಲ್ಲ, ಹೊಟ್ಟೆ ಬಟ್ಟೆಗೆ ಕಡಿಮೆಯಿಲ್ಲ, ಮಗ ಒಳ್ಳೆಯವನು, ಮತ್ತೆ ಎದೆಯ ಮೇಲೆ ಈ ಭಾರ ಯಾತರದ್ದು ಅಂದರೆ ಏನು ಹೇಳುವುದು, ಬಾಯಿ ಬಿಟ್ಟರೆ ಬಣ್ಣಗೇಡು, ಕೋಳಿ ಕೂಗುವ ಮೊದಲೇ ಎಚ್ಚರ, ಕಾಲು ತಾನಾಗಿಯೇ ಹಿತ್ತಲಿಗೆ, ಬಾವಿಕಟ್ಟೆ ತಣ್ಣಗೆ, ಒಳಗಿನ ನೀರು ಕರೆಯುವುದಿಲ್ಲ, ಸುಮ್ಮನೆ ಕಾಯುತ್ತದೆ — ದೀಪ ಅಚ್ದೆ ಒಪ್ಪತ್ತು ಮಾಡೋರು ಎಲ್ಲಾರ ಇದ್ದಾರ ಕಣ್ರಿ, ಅತ್ತೆ ದೇವ್ರ ಗೂಡಿನ ತಾವ್ಕೂ ಓಯ್ತಿಲ್ಲ, ಇದು ಭಕ್ತಿ ಅಲ್ಲ, ಪದ್ಮಿನಿಯೊಬ್ಬಳೇ ಗಂಡನ ಎದುರು ನಿಂತು ಅಂದಿದ್ದಳು, ವಯಸ್ಸಾದ್ಮೇಲೆ ಅಂಗೇಯ ಬುಡು ಅಂದ ಅವನು.

ಬನ್ನಿ ಅಜ್ಜಿ, ನಿದ್ದೆ ಬರುತ್ತಾ, ಅಳು ಬರುತ್ತಾ, ಸತ್ತರೆ ಸಾಕು ಅನ್ನಿಸುತ್ತಾ — ಸಾರಿಗೆ ಉಪ್ಪು ಸಾಕಾ ಅನ್ನುವ ಹಾಗೆ ಕೇಳಿಬಿಟ್ಟಳಲ್ಲ ಈ ಡಾಕ್ಟರಮ್ಮ, ಯಾರೂ ಕೇಳಿರಲಿಲ್ಲ, ಮಗನೂ ಕೇಳಿರಲಿಲ್ಲ, ಊಂ ಕಣವ್ವ, ಅನ್ನುಸ್ತದೆ, ದಿನಾ ಅನ್ನುಸ್ತದೆ, ಯಾರ ದನಿ ಇದು, ತನ್ನದೇ, ಇದು ಮುಪ್ಪಲ್ಲ ಅಜ್ಜಿ, ಕಾಯಿಲೆ, ವಾಸಿಯಾಗುತ್ತೆ, ಆದರೆ ಮಾತ್ರೆ ಹಿಡಿಯೋಕೆ ಕೆಲವು ವಾರ ಬೇಕು, ಸೊಸೆಯ ಕಡೆ ತಿರುಗಿ, ಅಲ್ಲೀತನಕ ಇವರನ್ನ ಒಂಟಿಯಾಗಿ ಬಿಡಬೇಡಿ, ಬುಡಾಕಿಲ್ಲ ಮೇಡಂ ಎಂದು ಚೀಟಿಗೆ ಕೈಚಾಚಿದ ಪದ್ಮಿನಿಯ ಅಂಗೈ ತರಚಿ ಕೆಂಪಗಾಗಿದೆ, ಬೆರಳ ಉಗುರು ಜಜ್ಜಿ ಕಪ್ಪಾಗಿದೆ, ಹೊರಳಿಸಿದರೂ ಉಸಿರು ಕಟ್ಟುವ ಕಲ್ಲು ಅದು, ಒಬ್ಬಳೇ ಎತ್ತಿದಳೇ, ಹೊಟ್ಟೆಗೆ ಅವಚಿಕೊಂಡು, ಹಾಗಾದರೆ ತಾನು ಕಟ್ಟೆಯ ಮೇಲೆ ಕೂತಾಗಲೆಲ್ಲ ಬಾಗಿಲ ಸಂದಿಯಲ್ಲಿ ಇವಳು ಕಾಯುತ್ತ — ದಿನಾ — ಬೆಕ್ಕು ಬೀಳ್ತದೆ ಅತ್ತೆ — ಬೆಕ್ಕು — ತಗಡು, ತಗಡಿನ ಮೇಲೆ ಆ ಗುಂಡುಕಲ್ಲು.