ಎಂಟು ಹಾವುಮೀನಿಗೆ ಒಂದು ಹೆಸರು

ಒಂದು ಕರುವಿನ ತೊಗಲಿಗೆ ಎರಡು ದೊಡ್ಡ ಹಾಳೆ. ಒಂದು ಪುಸ್ತಕಕ್ಕೆ ಅರವತ್ತು ಕರು. ಹೆಬ್ಬಾತಿನ ಒಂದು ರೆಕ್ಕೆಯಲ್ಲಿ ಬರೆಯಲು ಒದಗುವ ಗರಿ ಐದೇ ಐದು. ಒಂದು ಕುಡಿಕೆ ಶಾಯಿಗೆ ಓಕ್ ಮರದ ಗಂಟುಕಾಯಿ ಎರಡು ಬೊಗಸೆ. ಇನ್ನು ಬಡವನ ಬಲಗೈ ಒಂದಕ್ಕೆ ಎಂಟು ಹಾವುಮೀನು. ಜೌಗುನೆಲದ ನಡುವಿನ ಎಲ್‌ಮೆರ್ ಮಠದ ಚರಿತ್ರೆ ಬರೆಯುವ ಸನ್ಯಾಸಿ ಸಿವರ್ಡನಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಕೊನೆಯದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆ ಕೈ ಅವನ ಅಣ್ಣ ವುಲ್ಮರನದು. ಮೂವತ್ತೊಂದು ವರ್ಷದ ಹಿಂದೆ, ಮನೆಯಲ್ಲಿ ತಿನ್ನಲು ಏನೂ ಇಲ್ಲದ ಒಂದು ಚಳಿಗಾಲದಲ್ಲಿ, ವುಲ್ಮರ್, ಕಡಲು ದಾಟಿ ಬಂದು ನಾಡು ಗೆದ್ದ ನಾರ್ಮನ್ನರ ದಣಿ ಡ್ರೋಗೊನ ಕೊಳದಲ್ಲಿ ಬುಟ್ಟಿ ಇಳಿಸಿ ಎಂಟು ಹಾವುಮೀನು ಹಿಡಿದ. ಅಪ್ಪನ ಕಾಲದವರೆಗೆ ಅದು ಊರಿನ ಕೊಳವೇ. ಡ್ರೋಗೊ ವಿಚಾರಣೆ ಮಾಡಲಿಲ್ಲ, ಹುಡುಗನ ಹೆಸರನ್ನೂ ಕೇಳಲಿಲ್ಲ. ಬಲಗೈ ಮಣಿಕಟ್ಟಿನ ಹತ್ತಿರ ಕಡಿಸಿದ. ಅಂದಿನಿಂದ ಜೌಗಿನ ಜನ ಅವನನ್ನು ಡ್ರೋಗೊ ಎನ್ನುವುದು ಬಿಟ್ಟು ‘ಕೈಕಡುಕ’ ಎಂದರು. ಹೆಸರು ಹಾಗೆಯೇ ಹುಟ್ಟುವುದು. ದೊಡ್ಡವರು ಕೊಟ್ಟದ್ದು ನಾಮಕರಣದ ನೀರು ಆರುವ ತನಕ. ಊರು ಕೊಟ್ಟದ್ದು ಮೊಮ್ಮಕ್ಕಳ ತನಕ.

ಡ್ರೋಗೊ ಸತ್ತ. ಹೆಸರು ಸಾಯಲಿಲ್ಲ. ಮಗ ಹ್ಯಾಮೊನನ್ನು ರಾಜನ ದಂಡಿನ ಪಟ್ಟಿಯಲ್ಲೂ ‘ಹ್ಯಾಮೊ ಕೈಕಡುಕ’ ಎಂದೇ ಬರೆದರು. ಬೇರೆ ದಣಿಗಳು ಹೇಗೆ ಬಂತಪ್ಪ ಈ ಹೆಸರು ಎಂದು ನಗುತ್ತಾ ಕೇಳತೊಡಗಿದರು. ಹ್ಯಾಮೊ ಒಂದು ಬೆಳಿಗ್ಗೆ ಕುದುರೆ ಏರಿ ಮಠಕ್ಕೆ ಬಂದ.

“ಬರ್ಕೋ ಸನ್ಯಾಸಿ. ನಮ್ಮಪ್ಪ ಜೆರುಸಲೇಮಿಗೆ ಹೋಗಿದ್ರು. ಅಲ್ಲಿ ಶಿಲುಬೆ ಮೇಲೆ ಕತ್ತಿ ಎತ್ತಿದ ಒಬ್ಬ ತುರ್ಕನ ಕೈ ಕಡಿದ್ರು. ಅದಕ್ಕೇ ನಮ್ಮ ಮನೆಗೆ ಈ ಹೆಸರು.”

ಡ್ರೋಗೊ ಕಡಲು ದಾಟಿದ್ದು ನಾರ್ಮಂಡಿಯಿಂದ ಬಂದಾಗ ಒಂದೇ ಸಲ. ಆಗಲೂ ದಾರಿಯುದ್ದಕ್ಕೂ ವಾಂತಿ ಮಾಡಿದ್ದನೆಂದು ಊರಿಗೆಲ್ಲ ಗೊತ್ತು. ಸಿವರ್ಡ್ ತಲೆ ತಗ್ಗಿಸಿ, “ಆಗ್ಲಿ ದಣಿ,” ಎಂದ.

“ಬಿಟ್ಟಿ ಅಲ್ಲ ಕಣೋ. ವರ್ಷಕ್ಕೆ ಹನ್ನೆರಡು ಕರುವಿನ ತೊಗಲು, ನಮ್ಮ ವಂಶ ಇರೋವರೆಗೂ.”

ಮಠಾಧಿಪತಿ ರೆಯ್ನರ್ ಸಿವರ್ಡನನ್ನು ತೋಟಕ್ಕೆ ಕರೆದೊಯ್ದ. “ಅವನಪ್ಪ ಏನು ಮಾಡ್ದ ಅಂತ ನನಗೂ ಗೊತ್ತು ಸಿವರ್ಡ್. ನಿನ್ನಣ್ಣ ಅಂತಲೂ ಗೊತ್ತು. ಆದ್ರೆ ತೊಗಲಿಲ್ದೆ ಪುಸ್ತಕ ಎಲ್ಲಿ? ದೇವರ ವಾಕ್ಯ ಗೋಡೆ ಮೇಲೆ ಬರೀತೀಯಾ?”

“ದಣಿಯ ಕಥೆ ಬರೀತೀನಿ ಗುರುಗಳೇ. ಒಂದೇ ಹಾಳೇಲಿ ಬರೀತೀನಿ. ಮೇಲೆ ಹೆಸರಿನ ಕಥೆ, ಕೆಳಗೆ ದಾನದ ಮಾತು, ಅಡಿಯಲ್ಲಿ ದಣಿಯ ಗುರುತು. ನಾಳೆ ಅವರ ಮಕ್ಕಳು ಕೊಡಲ್ಲ ಅನ್ನಬಾರದಲ್ಲ.”

ರೆಯ್ನರನಿಗೆ ಈ ಬುದ್ಧಿವಂತಿಕೆ ಹಿಡಿಸಿತು. ಸಿವರ್ಡ್ ಮೇಣದ ಹಲಗೆಯ ಮೇಲೆ ಕರಡು ಗೀಚಿ ತೋರಿಸಿದ. ಜೆರುಸಲೇಮು, ತುರ್ಕ, ಶಿಲುಬೆ ಎಲ್ಲವೂ ಅದರಲ್ಲಿದ್ದವು. ರೆಯ್ನರ್ ಓದಿ ಒಪ್ಪಿದ. ಸಿವರ್ಡ್ ಕೋಣೆಗೆ ಬಂದು ಹೆಬ್ಬೆರಳಿನಿಂದ ಮೇಣವನ್ನು ತೀಡಿ ನುಣ್ಣಗೆ ಮಾಡಿದ. ಮೂವತ್ತೊಂದು ವರ್ಷದಿಂದ ಎದೆಯಲ್ಲಿ ಬರೆದಿಟ್ಟುಕೊಂಡಿದ್ದನ್ನು ತೊಗಲಿಗೆ ಇಳಿಸಲು ಅವನಿಗೆ ಒಂದು ಮಧ್ಯಾಹ್ನ ಸಾಕಾಯಿತು. ಒಂದು ಅಕ್ಷರವನ್ನೂ ಕೆರೆದು ತಿದ್ದಬೇಕಾಗಲಿಲ್ಲ.

ಡ್ರೋಗೊನ ವರ್ಷದ ತಿಥಿ ಬಂತು. ಹಾಳೆ ಓದಿಸಿ ಗುರುತು ಹಾಕಲು ಹ್ಯಾಮೊ ನಂಟರನ್ನು ಕರೆದುಕೊಂಡು ಮಠದ ಚರ್ಚಿಗೆ ಬಂದ. ಅವರಲ್ಲಿ ಯಾರಿಗೂ ಲ್ಯಾಟಿನ್ ಬಾರದು. ಓದುವುದು ಗುಮಾಸ್ತರ ಕೆಲಸ, ದಣಿಗಳದ್ದಲ್ಲ. ಬಾಗಿಲ ಬಳಿ ವುಲ್ಮರ್ ನಿಂತಿದ್ದ, ಮೊಂಡುಗೈಗೆ ಮೀನಿನ ಬುಟ್ಟಿ ಸಿಕ್ಕಿಸಿಕೊಂಡು. ಹಿಂದಿನ ದಿನವೇ ಸಿವರ್ಡ್ ಅವನಿಗೆ, “ನಾನು ತಲೆ ಎತ್ತಿ ನಿನ್ನ ಕಡೆ ನೋಡ್ತೀನಿ ಅಣ್ಣ. ಆಗ ಬರೋದು ನಿನ್ನ ಹೆಸರು,” ಎಂದಿದ್ದ.

ಸಿವರ್ಡ್ ಎದ್ದು ನಿಂತು ಲ್ಯಾಟಿನ್ನಿನಲ್ಲಿ ಓದಿದ:

‘ಡ್ರೋಗೊ ಎಂಬ ದಣಿ ಊರಿನ ಕೊಳವನ್ನು ಕಿತ್ತುಕೊಂಡು, ಹಸಿದವನೊಬ್ಬ ಎಂಟು ಹಾವುಮೀನು ಹಿಡಿದದ್ದಕ್ಕೆ ವಿಚಾರಣೆಯಿಲ್ಲದೆ ಅವನ ಬಲಗೈ ಕಡಿಸಿದನು. ಆ ಹಸಿದವನ ಹೆಸರು ವುಲ್ಮರ್, ವಯಸ್ಸು ಹದಿನೇಳು. ಡ್ರೋಗೊನ ಮನೆತನಕ್ಕೆ ಕೈಕಡುಕರೆಂಬ ಹೆಸರು ಬಂದದ್ದು ಹೀಗೆ.’

ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಮೂವತ್ತು ಸನ್ಯಾಸಿಗಳು ಉಸಿರು ಹಿಡಿದರು. ಒಬ್ಬ ಕೆಮ್ಮಿದ. ಇನ್ನೊಬ್ಬ ಮುಸುಕನ್ನು ಮೂಗಿನವರೆಗೆ ಎಳೆದುಕೊಂಡ. ರೆಯ್ನರನ ಕತ್ತು ಬೀಟ್‌ರೂಟಿನಂತೆ ಕೆಂಪಾಯಿತು. ನಿಲ್ಲಿಸು ಎಂದರೆ ಯಾಕೆ ಎಂದು ದಣಿ ಕೇಳುತ್ತಾನೆ. ಯಾಕೆ ಎಂದು ಹೇಳಿದರೆ ತೊಗಲೂ ಹೋಯಿತು, ಮಠದ ಮಾನವೂ ಹೋಯಿತು. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಎರಡನೆಯ ವಾಕ್ಯಕ್ಕೆ ಸಿವರ್ಡ್ ತಲೆ ಎತ್ತಿ ಬಾಗಿಲ ಕಡೆ ನೋಡಿದ್ದ. ಹ್ಯಾಮೊ ಕಿವಿ ನಿಮಿರಿಸಿದ. “ವುಲ್ಮರ್ ಅಂದ್ಯಲ್ಲ, ಯಾರದು?”

ಸಿವರ್ಡ್ ಅವನ ಕಣ್ಣಲ್ಲಿ ಕಣ್ಣಿಟ್ಟು, “ಕೈ ಕಳಕೊಂಡವನ ಹೆಸರು, ದಣಿ,” ಎಂದ.

“ತುರ್ಕನ ಹೆಸರೂ ಪತ್ತೆ ಮಾಡಿದ್ಯಾ! ಭಲೇ! ಕೇಳಿದ್ರೇನ್ರೋ? ಆ ಮ್ಲೇಚ್ಛರ ಹೆಸರೆಲ್ಲ ಹೀಗೇ, ನಾಲಿಗೇಲಿ ಹೊರಳೋದೇ ಇಲ್ಲ.” ನಂಟರು ನಕ್ಕರು. ಹ್ಯಾಮೊ ರೆಯ್ನರನ ಕಡೆ ತಿರುಗಿದ. “ಏನ್ ಗುರುಗಳೇ, ಎಲ್ಲ ಸರಿಯಾಗಿದೆಯಾ?”

ರೆಯ್ನರ್ ಏಸುವಿನ ಶಿಲುಬೆಯನ್ನು ನೋಡಿದ. “ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ದಣಿ.”

ಹ್ಯಾಮೊ ದಾನದ ಗುರುತಾಗಿ ಅಪ್ಪನ ಚೂರಿಯನ್ನು ಬಲಿಪೀಠದ ಮೇಲಿಟ್ಟ. ಗರಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಹಾಳೆಯ ಅಡಿಯಲ್ಲಿ ಸೊಟ್ಟ ಶಿಲುಬೆಯೊಂದನ್ನು ಗೀಚಿದ. ಹೊರಗೆ ಹೋಗುವಾಗ ವುಲ್ಮರನನ್ನು ಭುಜದಿಂದ ಸರಿಸಿ ನಡೆದ. ಆಗಲೂ ಅವನ ಹೆಸರು ಕೇಳಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ರೆಯ್ನರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. “ಕೆರೆದು ಹಾಕೋಣ ಅಂದ್ರೆ ದಾನದ ಮಾತೂ ಇದೇ ಹಾಳೇಲಿದೆ. ಕೆರೆದ ಹಾಳೆ ಯಾವ ನ್ಯಾಯಸ್ಥಾನದಲ್ಲೂ ನಿಲ್ಲಲ್ಲ. ಇದಕ್ಕೇ ಅಲ್ವೇನೋ ಒಂದೇ ಹಾಳೆ ಅಂದಿದ್ದು, ಕಳ್ಳ?”

“ಹೌದು ಗುರುಗಳೇ.”

“ನನ್ನ ಬಾಯಲ್ಲೂ ಸಾಕ್ಷಿ ಹೇಳಿಸ್ದೆ.”

“ಅದು ನಾನು ಲೆಕ್ಕ ಹಾಕಿರಲಿಲ್ಲ.”

“ಗರಿ ಕೊಡಿಲ್ಲಿ. ಇನ್ಮೇಲೆ ಮೀನು ಕೊಯ್ಯೋಕೆ ಹೋಗು. ಸಾಯೋ ತನಕ.”

ಎರಡು ವರ್ಷದ ಮೇಲೆ ಹ್ಯಾಮೊನ ಮನೆಗೆ ಮಕ್ಕಳಿಗೆ ಪಾಠ ಹೇಳಲು ಒಬ್ಬ ಪಾದ್ರಿ ಬಂದ. ಮನೆತನದ ಕೀರ್ತಿ ಕೇಳಿಸಲೆಂದು ಹ್ಯಾಮೊ ಅವನನ್ನೂ ಮಕ್ಕಳನ್ನೂ ಮಠಕ್ಕೆ ಕರೆತಂದು, ಆ ಹಾಳೆ ಸೇರಿಸಿ ಕಟ್ಟಿದ್ದ ಪುಸ್ತಕ ಬಿಚ್ಚಿಸಿದ. ಪಾದ್ರಿ ಎರಡು ಸಾಲು ಓದಿ ನಿಂತ. “ಓದು,” ಎಂದ ಹ್ಯಾಮೊ. ಪಾದ್ರಿ ಬೆವರುತ್ತಾ, ಮಕ್ಕಳ ಎದುರಿಗೇ, ಅರ್ಥ ಬಿಡಿಸಿ ಓದಿದ.

ಹ್ಯಾಮೊ ಮೀನು ಕೊಯ್ಯುವ ಕಟ್ಟೆಗೆ ನುಗ್ಗಿದ. ಸಿವರ್ಡ್ ಮೊಣಕೈವರೆಗೆ ಲೋಳೆ ಮೆತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ವುಲ್ಮರ್ ಬುಟ್ಟಿ ಖಾಲಿ ಮಾಡುತ್ತಿದ್ದ.

“ನಿನ್ನ ಕೊಂದುಬಿಡ್ತೀನಿ ಹಂದಿ!”

“ಕೊಲ್ಲಿ ದಣಿ. ಅದನ್ನೂ ಬರೀತಾರೆ. ಈಗ ಬರೆಯೋನು ಬೇರೆ, ಅವನ ಅಕ್ಷರ ನನ್ನದಕ್ಕಿಂತ ದುಂಡಗಿದೆ.”

“ತೊಗಲು ನಿಲ್ಲಿಸ್ತೀನಿ!”

“ಬಲಿಪೀಠದ ಮೇಲಿಟ್ಟಿದ್ದನ್ನ ವಾಪಸ್ ತಗೊಂಡವನನ್ನ ಚರ್ಚಿನಿಂದ ಹೊರಗೆ ಹಾಕ್ತಾರೆ. ಶಿಲುಬೆ ಹಾಕಿದ್ದು ಯಾರು ದಣಿ? ನಾನಾ?”

ಹ್ಯಾಮೊನ ಕಣ್ಣು ವುಲ್ಮರನ ಮೊಂಡುಗೈಯ ಮೇಲೆ ಬಿತ್ತು, ಅಲ್ಲೇ ನಿಂತಿತು.

“ನಾನೇ ದಣಿ, ಆ ತುರ್ಕ,” ಎಂದ ವುಲ್ಮರ್. “ಹೆಸರು ಈಗ ನಾಲಿಗೇಲಿ ಹೊರಳ್ತದಾ?”

ಹ್ಯಾಮೊ ಹೊರಟುಹೋದ. ವುಲ್ಮರ್ ಬಹಳ ಹೊತ್ತು ನಕ್ಕ. ಆಮೇಲೆ ಖಾಲಿ ಬುಟ್ಟಿ ಕೆಳಗಿಟ್ಟು, “ನಿನ್ನ ಗರಿ ಹೋಯ್ತಲ್ಲೋ ತಮ್ಮ. ನಿನಗೆ ಬರ್ತಿದ್ದದ್ದು ಅದೊಂದೇ ಕೆಲಸ,” ಎಂದ.

“ನಿನ್ನ ಕೈ ಹೋದಾಗ ನಿನಗೂ ಬರ್ತಿದ್ದದ್ದು ಕೈಕೆಲಸ ಒಂದೇ.”

ಹ್ಯಾಮೊ ಮುಂದೆ ತನ್ನ ಜಮೀನಿನ ಊರಿನ ಹೆಸರನ್ನು ಮನೆತನದ ಹೆಸರು ಮಾಡಿಕೊಂಡ. ಜೌಗಿನ ಜನ ಅವನ ಮೊಮ್ಮಕ್ಕಳನ್ನೂ ಕೈಕಡುಕರೆಂದೇ ಕರೆದರು. ಮಠಕ್ಕೆ ವರ್ಷವರ್ಷವೂ ಹನ್ನೆರಡು ತೊಗಲು ಬಂತು. ಸಿವರ್ಡ್ ಸಾಯುವ ತನಕ ಮತ್ತೊಂದು ಅಕ್ಷರ ಬರೆಯಲಿಲ್ಲ. ವುಲ್ಮರನ ಹೆಸರು ಪುಸ್ತಕ ಸೇರಿತು. ಕೈ ಬರಲಿಲ್ಲ.